ಮೂಸಿದ ಹೂವು

ಬಿಸ್ಕತ್ತು ಪೊಟ್ಟಣದೊಳಗಿನ ಬೆಳ್ಳಿ ಕಾಗದವನ್ನು ನಾನು ಇವತ್ತಿಗೂ ಎಸೆಯುವುದಿಲ್ಲ. ಮೊನ್ನೆ ಮೊಮ್ಮಗಳು ನನ್ನ ಹೂವಿನಂಗಡಿಯಲ್ಲಿ ಕೂತು ಸಂಪಿಗೆಯೊಂದನ್ನು ಮೊಬೈಲಿನಲ್ಲಿ ಹಿಡಿಯಲು ಒದ್ದಾಡುತ್ತಿದ್ದಳು. ನನ್ನ ಕೈ ತಾನಾಗಿಯೇ ಆ ಕಾಗದವನ್ನು ಬಿಡಿಸಿ ಹೂವಿನ ಕತ್ತಲ ಬದಿಗೆ ಹಿಡಿಯಿತು. ಎಸಳಿನೊಳಕ್ಕೆ ಬೆಳಕು ಇಳಿಯಿತು... ಅದರ ಹಿಂದೆಯೇ ಸ್ಟುಡಿಯೋ ಮಾವ ನೆನಪಾದರು.

ತಮಿಳುನಾಡಿನ ಚಿನ್ನಮನೂರಿನಲ್ಲಿ ನನ್ನ ಅಂಗಡಿಯ ಪಕ್ಕದ್ದೇ ಅವರ ಸ್ಟುಡಿಯೋ. ರಕ್ತಸಂಬಂಧವಲ್ಲ, ಮನೆಯಲ್ಲಿ ಕನ್ನಡ ಆಡುವ ನಮ್ಮವರು ಅಂತ ಅವರು ಮಾವ, ಅವರ ಹೆಂಡತಿ ಅತ್ತೆ. ಗಿರಾಕಿಗಳ ಹತ್ತಿರ ತಮಿಳು, ನಮ್ಮೊಳಗೆ ಮನೆಮಾತು. ಹೊಟ್ಟೆಪಾಡಿಗೆ ಮಾವ ತೆಗೆಯುತ್ತಿದ್ದದ್ದು ಮದುವೆ, ಪಾಸ್‌ಪೋರ್ಟ್ ಫೋಟೋ. ಮಧ್ಯಾಹ್ನ ಬೀದಿ ಖಾಲಿಯಾದರೆ ಹೂವು.

ಅವರ ಚಿತ್ರದಲ್ಲಿ ಹೂವು ಹೂವಿನ ಹಾಗೆ ಇರುತ್ತಿರಲಿಲ್ಲ. ಲೆನ್ಸನ್ನು ತಿರುಗಾಮುರುಗಾ ಸಿಕ್ಕಿಸಿ ಎಷ್ಟು ಹತ್ತಿರ ಹೋಗುತ್ತಿದ್ದರೆಂದರೆ ಒಂದು ಅಂಚು, ಒಂದು ಮಡಿಕೆ, ಉಳಿದದ್ದೆಲ್ಲ ಮಸುಕು.

"ಇಡೀ ಹೂವು ಹಿಡೀರಿ ಮಾವ, ಕ್ಯಾಲೆಂಡರಿಗಾದ್ರೂ ಹೋಗ್ತದೆ" ಎನ್ನುತ್ತಿದ್ದೆ.

"ಇಡೀ ಹೂವು ನಿನ್ ಅಂಗಡೀಲೇ ಅದೆಯಲ್ಲ ತಾಯಿ. ನಂಗೆ ಅದ್ರ ನೆಳಲು ಸಾಕು."

ನೆರಳಿಗೆ ನಮ್ಮ ಮನೆಮಾತಿನಲ್ಲಿ ನೆಳಲು ಎನ್ನುತ್ತೇವೆ. ಅವರ ಬಾಯಲ್ಲಿ ಆ ಮಾತು ತಂಪಾಗಿ ಕೇಳಿಸುತ್ತಿತ್ತು.

ನೀವೂ ಹೂವಿನ ಚಿತ್ರ ತೆಗೆಯುವವರಾದರೆ, ಅವರನ್ನು ನೋಡಿ ಕಲಿತದ್ದನ್ನು ಹೇಳುತ್ತೇನೆ, ಕೇಳಿ. ಫ್ಲಾಶ್ ಮುಟ್ಟಬೇಡಿ. ಕಿಟಕಿಯ ಬೆಳಕು ಪಕ್ಕದಿಂದ ಬರಲಿ, ಬಿಸಿಲು ಚುರುಕಾದರೆ ಹಳೇ ಬಿಳಿ ಪಂಚೆಯನ್ನು ಅಡ್ಡ ಕಟ್ಟಿ. ಹಿಂದೆ ಕಪ್ಪು ಬಟ್ಟೆ. ತೊಟ್ಟು ಕಾಣಿಸಲೇಬೇಕೆಂಬ ಹಟ ಬಿಡಿ. ಒಂದು ಗೆರೆ ಮೂಲೆಯಿಂದ ಹೊರಟು ಎಲ್ಲೋ ಹೋದರೆ ಸಾಕು. ಮುಖ್ಯವಾಗಿ ಉಸಿರು ಬಿಗಿಹಿಡಿಯಿರಿ, ಎಸಳು ಅಲುಗುತ್ತದೆ.

ಆ ಉಸಿರೇ ಅವರಿಗೆ ಮುಳುವಾಯಿತು. ಮೂಸಿದ ಹೂವು ದೇವರಿಗೆ ಸಲ್ಲುವುದಿಲ್ಲ ಎಂಬುದು ಗೊತ್ತಲ್ಲ? ಮೂಗು ಅಷ್ಟು ಹತ್ತಿರ ಹೋದಮೇಲೆ ಮೂಸದೆ ಇರುತ್ತಾರೆಯೇ ಎಂಬುದು ಅತ್ತೆಯ ತೀರ್ಮಾನ. ಮಾವ ಮುಖಕ್ಕೆ ಟವೆಲ್ ಸುತ್ತಿಕೊಂಡು ಕೂತರೂ, "ಟವಲ್ ಕಟ್ಟಿದ್ರೆ ಮೂಗು ಊರು ಬಿಟ್ಟು ಹೋಯ್ತದಾ?" ಎಂದು ಚುಚ್ಚುತ್ತಿದ್ದರು. ದೇವರಿಗೆಂದೇ ಬೆಳೆಸಿದ ಮನೆಯ ಬಳ್ಳಿಯಿಂದ ಒಂದು ಮಲ್ಲಿಗೆಯನ್ನೂ ಕೊಡಲಿಲ್ಲ. ಚಿತ್ರಗಳ ಕಡೆಗಂತೂ ತಲೆಯೆತ್ತಿ ನೋಡುತ್ತಿರಲಿಲ್ಲ. "ಸಾಮಿಗೆ ಆಗ್ದಿದ್ದು ನಂಗ್ಯಾಕೆ?"

ಊರವರು ನೋಡದಿದ್ದರೆ ಮಾವನಿಗೆ ಏನೂ ಅನ್ನಿಸುತ್ತಿರಲಿಲ್ಲ. "ಅವ್ಳು ಒಂದ್ ಸಲ ನೋಡಿ, ಇದೇನು ಅಂತ ಕೇಳ್ಬೇಕು. ಅಷ್ಟೇ" ಎಂದಿದ್ದರು ಒಂದು ದಿನ, ಲೆನ್ಸು ಒರೆಸುತ್ತಾ...

ದಿಂಡಿಗಲ್ ಹೂವಿನ ಮಾರುಕಟ್ಟೆಯಲ್ಲಿ ದಳ್ಳಾಳಿಗಳ ನಡುವೆ ಗುದ್ದಾಡಿ ಬೆಳೆದವಳು ನಾನು. ಎರಡೂ ಕಡೆಯವರು ಒಪ್ಪುವ ಮಾತು ಎಲ್ಲಿದೆ ಎಂದು ಹುಡುಕುವುದೇ ನನ್ನ ಕಸುಬು. ಆದರೂ ಇವರಿಬ್ಬರ ವಿಷಯದಲ್ಲಿ ಅದು ಹೊಳೆಯಲು ವರ್ಷಗಳೇ ಹಿಡಿದವು. "ಅತ್ತೆ, ಏರಿಸೋಕೆ ಮುಂಚೆ ತಾನೇ ಮೂಸಬಾರ್ದು? ಸಾಮಿ ಮೇಲಿಂದ ಇಳಿಸಿದ್ದು ಕೊಡಿ."

ಅತ್ತೆ ಯೋಚಿಸಿದರು. "ಬಾಡಿರ್ತದಲ್ಲೇ."

"ಬಾಡಿದ್ರೇನು? ಅವ್ರು ಮಾಲೆ ಕಟ್ಟೋಕೆ ಕೇಳ್ತಾರಾ?"

ಮರುದಿನ ಬಾಳೆಲೆಯಲ್ಲಿ ಬಂದದ್ದು ಬಾಡಿದ ಕೆಂಪು ದಾಸವಾಳ. ಬಾಡಿದರೆ ಅದು ನೇರಳೆಗೆ ತಿರುಗುತ್ತದೆ, ಮೈಯೆಲ್ಲ ಸುಕ್ಕು. ಮಾವ ಅದನ್ನು ಕಿಟಕಿಗೆ ಅಡ್ಡವಾಗಿ ಮಲಗಿಸಿದರು. ನಾನು ಬೆಳ್ಳಿ ಕಾಗದ ಹಿಡಿದೆ. "ಇನ್ನೂ ಕೆಳಗೆ... ಸುಕ್ಕಿನೊಳಗೆ ನೆಳಲು ಇರ್ಲಿ" ಎಂದರು. ಮೊದಲ ಸಲ ಟವೆಲ್ ಇಲ್ಲದೆ ಬಗ್ಗಿದ್ದರು.

ದೊಡ್ಡ ಪ್ರಿಂಟು ದಿಂಡಿಗಲ್ಲಿನಿಂದ ಬರಬೇಕಿತ್ತು. ಅದು ಬರುವ ಮೊದಲೇ ಮಾವ ಎದೆನೋವಿನಿಂದ ಹೋಗಿಬಿಟ್ಟರು.

ಕಾರ್ಯಗಳೆಲ್ಲ ಮುಗಿದ ಮೇಲೆ ಚೌಕಟ್ಟು ಹಾಕಿಸಿ ನಾನೇ ಒಯ್ದೆ. ಅತ್ತೆ ಗೋಡೆಗೆ ಒರಗಿ ಕೂತಿದ್ದರು. ತುಂಬ ಹೊತ್ತು ನೋಡಿದರು.

"ಯಾವ ಮಲೆ ಇದು? ನಮ್ಮೂರ ಮೇಲಿನ ಮೇಘಮಲೆಯಾ, ಸಂಜೆ ಹೊತ್ತಿಂದು?"

"ನೀವು ಕೊಟ್ಟ ದಾಸವಾಳ, ಅತ್ತೆ."

ಅವರು ಮೆಲ್ಲಗೆ ಬಗ್ಗಿದರು. ಮೂಗು ಗಾಜಿಗೆ ತಾಕಿತು.

"ದಾಸವಾಳಕ್ಕೆ ವಾಸನೇನೇ ಇಲ್ವಲ್ಲ ತಾಯಿ..." ಎಂದರು. "ಅವ್ರು ಬರೀ ನೋಡ್ತಾನೇ ಇದ್ರಾ?"

 ಗಾಜಿನ ಮೇಲೆ ಕೂತ ಅವರ ಉಸಿರಿನ ಮಂಜನ್ನು ಸೆರಗಿನಿಂದ ಒರೆಸಿದೆ. ಇಳಿಸಿದ ಹೂವಿನ ಆ ಸಲಹೆ ಒಂದು ವರ್ಷ ಮೊದಲೇ ಹೊಳೆದಿದ್ದರೆ...

ಅತ್ತೆಯೂ ಈಗಿಲ್ಲ. ಚೌಕಟ್ಟು ನನ್ನ ಅಂಗಡಿಯಲ್ಲಿದೆ. ಮೊನ್ನೆ ಅದರ ಕೆಳಗೆ ಕೂತ ಮೊಮ್ಮಗಳು ಸಂಪಿಗೆಯ ಹತ್ತಿರ ಮುಖ ತಂದು ಥಟ್ಟನೆ ತಡೆದಳು. "ಅಜ್ಜಿ, ಮೂಸ್ಬೋದಾ?"

"ಮೂಸು. ಅದು ಮಾರೋಕಲ್ಲ" ಎಂದೆ. ಸ್ಟುಡಿಯೋ ಇದ್ದ ಪಕ್ಕದ ಅಂಗಡಿಗೆ ಕೇಳಿಸುವಷ್ಟು ಜೋರಾಗಿಯೇ ಹೇಳಿದೆ. ಅಲ್ಲಿ ಯಾರಿದ್ದಾರೆ ಕೇಳುವುದಕ್ಕೆ...