ಸಂತಿಗೆ ಹೋದ ಮನಿ

ಖಾನೇಸುಮಾರಿ ಬಂತಂದ್ರ ಸರಕಾರಕ್ಕ ಸಾಲಿ ಮಾಸ್ತರ ನೆನಪಾಗ್ತಾರ. ಹುನಗುಂದದ ಕಡೆ ಒಂದು ಹಳ್ಳ್ಯಾಗ ಮಂದಿ ಎಣಿಸೋ ಕೆಲಸ ನನಗ ಬಿತ್ತು. ಮೊದಲು ಪ್ರತಿ ಮನಿ ಬಾಗಿಲಿಗೆ ಕೆಮ್ಮಣ್ಣಿಲೆ ನಂಬರ ಬರೀಬೇಕು. ನಂಬರ ಇಲ್ಲದವರನ್ನ ಪಟ್ಟಿಗೆ ಹಾಕಂಗಿಲ್ಲ, ಅದು ಕಾಯಿದೆ.

ಬೇವಿನ ಗಿಡದ ಕೆಳಗ ಫಕೀರಪ್ಪ ಅನ್ನೋ ಮುದುಕ ಕೌದಿ ಹೊದ್ದು ಕೂತಿದ್ದ.

“ಅಂವಗ ಮನೀನ ಇಲ್ಲ, ಅಂವನ್ನೇನ ಎಣಿಸ್ತೀರಿ?” ಅಂದರು ಗೌಡರು.

“ಹುಟ್ಟಿದಾಗಿಂದ ಇದ ಊರಾಗ ಅದೀನ್ರಿ,” ಅಂದ ಫಕೀರಪ್ಪ. “ಗಿಡಕ್ಕ ಬರೀರಿ.”

“ಗಿಡ ಮನಿ ಅಲ್ಲೋ,” ಅಂದೆ.

“ಹಂಗಾರ ಇದಕ್ಕ ಬರೀರಿ. ನಾ ಇರೋದು ಇದರೊಳಗ,” ಅಂತ ಕೌದಿ ಚಾಚಿದ. ನನಗೂ ಬಿಸಲಿಗೆ ಸಾಕಾಗಿತ್ತು. ಕೌದಿ ಮ್ಯಾಲೆ ನಲವತ್ತಮೂರು ಅಂತ ಬರೆದೆ.

ಮರುದಿನ ತಪಾಸಣಿಗೆ ಸಾಹೇಬರು ಬಂದರು.

“ನಲವತ್ತಮೂರು ಎಲ್ಲಿ?”

“ಕಮತಗಿ ಸಂತಿಗೆ ಹೋಗೇತ್ರಿ.”

“ಮನಿಯವರನ್ನಲ್ಲ, ಮನಿ ಕೇಳಾಕತ್ತೇನಿ.”

“ಮನೀನ ಹೋಗೇತ್ರಿ. ಸಂಜಿಗೆ ಬರ್ತೈತಿ.”

ಸಾಹೇಬರು ಹತ್ತಿರ ಬಂದು ನನ್ನ ಬಾಯಿ ವಾಸನಿ ನೋಡಿದರು.

ಸಂಜಿಗೆ ಮನಿ ಹೆಗಲ ಮ್ಯಾಲೆ ಬಂತು. ಸಾಹೇಬರು ನಂಬರ ನೋಡಿ, ಸಹಿ ಹಾಕಿ ಹೋದರು.

“ಮಾಸ್ತರ, ನಿಮ್ಮ ಮನಿ ನಂಬರ ಎಷ್ಟರಿ?” ಅಂತ ಕೇಳಿದ ಫಕೀರಪ್ಪ.

ನಾ ವರ್ಷಕ್ಕೊಂದು ಊರಿಗೆ ಬದಲಿ ಆಗಾಂವ. ಇಲ್ಲಿ ಸಾಲಿ ಪಡಸಾಲ್ಯಾಗ ಮಲಗ್ತಿದ್ದೆ. ಸಾಲಿಗೆ ನಂಬರ ಇರಲಿಲ್ಲ. ನನ್ನ ಕೋಟು ನೋಡಿ ಗೌಡರೂ ನಿಮಗ ಮನಿ ಐತೇನ್ರಿ ಅಂತ ಕೇಳಿರಲಿಲ್ಲ.

ಫಕೀರಪ್ಪ ಕೌದಿ ಅಂಚು ಎತ್ತಿ, “ನಲವತ್ತಮೂರರಾಗ ಇನ್ನೊಬ್ಬರಿಗೆ ಜಾಗಾ ಐತ್ರಿ,” ಅಂದ.

ಕಾಯಿದೆ ಅಂದ್ರ ಕಾಯಿದೆ. ಅವನ ಹೆಸರಿನ ಕೆಳಗ ನನ್ನ ಹೆಸರು ಬರಕೊಂಡೆ.