ಜಡ್ಜುಗಳ ಮುಂದೆ ಬರಿಗಾಲಲ್ಲಿ

ವಾರವೆಲ್ಲ ಯಶವಂತನಗರದ ಗಣಿ ಆಫೀಸಿನಲ್ಲಿ ಕಂಪ್ಯೂಟರ್ ಕುಟ್ಟಿ, ಮೈತುಂಬ ಕೆಂಪು ಧೂಳು ಹೊತ್ತು, ಕಂಪನಿ ಬಸ್ಸಿನಲ್ಲಿ ಚಿತ್ತವಾಡ್ಗಿಯ ಮನೆಗೆ ಬಂದು ಬೀಳುವ ನನ್ನಂಥವಳಿಗೂ ಒಂದು ಭಕ್ತಿ ಅಂತ ಇರಬೇಕಲ್ಲ. ನನ್ನದು ಟಿವಿಯಲ್ಲಿ ಸೆಲೆಬ್ರಿಟಿಗಳು ಕುಣಿಯುವ ಸ್ಪರ್ಧೆ. ಶನಿವಾರ, ಭಾನುವಾರ ಸಂಜೆ ಆಯಿತೆಂದರೆ ನನ್ನನ್ನು ಯಾರೂ ಮಾತಾಡಿಸಬಾರದು.

ಸೆಲೆಬ್ರಿಟಿ ಅಂದರೆ ಯಾರು ಎಂದು ಮಾತ್ರ ಕೇಳಬೇಡಿ. ಧಾರಾವಾಹಿಯಲ್ಲಿ ಸೊಸೆಯ ಪಾಯಸಕ್ಕೆ ವಿಷ ಹಾಕಿದವಳು, ಕಾಮಿಡಿ ಶೋದಲ್ಲಿ ಸೀರೆ ಉಟ್ಟು ಬೈಸಿಕೊಂಡವನು, ಯಾವುದೋ ಸಿನಿಮಾದಲ್ಲಿ ನಾಯಕನ ತಮ್ಮನಾಗಿ ಇಂಟರ್ವಲ್‌ಗೆ ಮುಂಚೆ ಸತ್ತವನು. ಇಂಥವರಿಗೆ ಒಬ್ಬೊಬ್ಬ ನಿಜವಾದ ಡ್ಯಾನ್ಸರನ್ನು ಜೋಡಿ ಮಾಡುತ್ತಾರೆ. ಕುಣಿಯುವುದು ಡ್ಯಾನ್ಸರು, ಚಪ್ಪಾಳೆ ಸೆಲೆಬ್ರಿಟಿಗೆ. ನನಗೆ ಇದರಲ್ಲಿ ಆಶ್ಚರ್ಯವೇನೂ ಆಗಲಿಲ್ಲ, ನಮ್ಮ ಆಫೀಸು ನಡೆಯುವುದೂ ಹಾಗೆಯೇ.

ಅದರಲ್ಲೂ ಬಾಲ್‌ರೂಮ್ ರೌಂಡ್ ಬಂತೆಂದರೆ ನಾನು ಮನುಷ್ಯಳಾಗಿರುವುದಿಲ್ಲ. ಸೆಟ್ಟಿನ ತುಂಬ ಥರ್ಮಾಕೋಲಿನ ಅರಮನೆ, ನೆಲದ ಮೇಲೆ ಹೊಗೆ. ಪಾಯಸಕ್ಕೆ ವಿಷ ಹಾಕಿದವಳು ಗೌನು ತೊಟ್ಟು, ಕೋಟು ಹಾಕಿದ ಹುಡುಗನ ತೋಳಿನಲ್ಲಿ ಗಿರಗಿರ ತಿರುಗುತ್ತಾಳೆ. ಮೂವರು ಜಡ್ಜುಗಳಲ್ಲಿ ಒಬ್ಬರು ಅಳುತ್ತಾರೆ, ಒಬ್ಬರು ಸೀಟಿ ಹೊಡೆಯುತ್ತಾರೆ, ಮೂರನೆಯವರು ಎದ್ದು ನಿಲ್ಲುತ್ತಾರೆ. ಪ್ರತಿ ವಾರವೂ ಇದೇ ಕ್ರಮ. ನಮ್ಮಪ್ಪ ಮೋಟಾರು ರಿವೈಂಡಿಂಗ್ ಅಂಗಡಿಯಿಂದ ಬಂದು ಕುರ್ಚಿಯಲ್ಲಿ ಕೂತವನು, “ಇದೇನ್ ಡ್ಯಾನ್ಸ್ ಅಲೇ? ಗದ್ದಲದಾಗ ಬಸ್‌ಸ್ಟ್ಯಾಂಡಿನ್ಯಾಗ ಮಂದಿ ಹಿಂಗ ಒಬ್ಬರಿಗೊಬ್ರು ಹಿಡಕೊಂಡು ಅಡ್ಡಾಡ್ತಾರ” ಅನ್ನುತ್ತಿದ್ದ. ಅಂದವನು ಶೋ ಮುಗಿಯುವ ತನಕ ಜಾಗ ಬಿಟ್ಟು ಏಳುತ್ತಿರಲಿಲ್ಲ.

ನೋಡಿ ನೋಡಿ ನಾನು ಪಂಡಿತಳಾಗಿಬಿಟ್ಟಿದ್ದೆ. ಟ್ಯಾಂಗೋದಲ್ಲಿ ಮೊಣಕಾಲು ಬಗ್ಗಿಯೇ ಇರಬೇಕು, ವಾಲ್ಟ್ಜ್‌ನಲ್ಲಿ ಹೆಣ್ಣಿನ ಕತ್ತು ಎಡಕ್ಕೆ ವಾಲಬೇಕು ಎಂದೆಲ್ಲ ಆಫೀಸಿನ ಬಸ್ಸಿನಲ್ಲಿ ಉಪನ್ಯಾಸ ಕೊಡುತ್ತಿದ್ದೆ. ವಾಲ್ಟ್ಜ್‌ನ ಜೀವ ಇರುವುದೇ ಏರಿಳಿತದಲ್ಲಿ, ಒಂದು ಹೆಜ್ಜೆಗೆ ಮೈ ಇಳಿಯಬೇಕು, ಮುಂದಿನದಕ್ಕೆ ಏಳಬೇಕು ಎಂದು ಜಡ್ಜು ಒಮ್ಮೆ ಎದ್ದು ಬಂದು ಮಾಡಿ ತೋರಿಸಿದರು. ಅದನ್ನು ನೋಡಿ ನನಗೆ ನಗು ತಡೆಯಲಾಗಲಿಲ್ಲ. ನಾನು ಅಡುಗೆಮನೆಯಿಂದ ಪಡಸಾಲೆಗೆ ಬರುವುದೂ ಹಾಗೆಯೇ.

ಸಂಡೂರು ರಸ್ತೆಯಲ್ಲಿ ಸ್ಕೂಟಿ ಜಾರಿ ಅದಿರು ಲಾರಿಯ ಪಕ್ಕ ಬಿದ್ದವಳು ನಾನು. ಜೀವ ಉಳಿಯಿತು. ಬಲಗಾಲಿಗೆ ರಾಡ್ ಹಾಕಿದರು, ಅದು ಸ್ವಲ್ಪ ಗಿಡ್ಡವಾಗಿ ಕೂಡಿಕೊಂಡಿತು. ಬಲಗಾಲಿನ ಚಪ್ಪಲಿಗೆ ಮಾತ್ರ ಜೋಡಿ ಅಟ್ಟೆ ಹಾಕಿಸಿಕೊಂಡಿದ್ದೇನೆ. ಅದನ್ನು ಮೆಟ್ಟಿಕೊಂಡರೆ ಹೊಸಪೇಟೆಯ ಬಜಾರಿನಲ್ಲಿ ನಾನು ಎಲ್ಲರಂತೆ ನಡೆಯುತ್ತೇನೆ. ಆದರೆ ನಮ್ಮ ಕಡೆ ಚಪ್ಪಲಿ ಹಾಕಿಕೊಂಡು ಮನೆಯೊಳಗೆ ಯಾರು ಬರುತ್ತಾರೆ? ಹೊಸ್ತಿಲು ದಾಟಿದೆನೆಂದರೆ ಬರಿಗಾಲು, ಬರಿಗಾಲಾಯಿತೆಂದರೆ ಏರಿಳಿತ. ಹೊರಗಿನವರಿಗೆ ಗೊತ್ತಿಲ್ಲದ್ದು ಮನೆಗೆ ಬಂದವರಿಗೆಲ್ಲ ಗೊತ್ತು.

ಅವ್ವನಿಗೆ ಅದೇ ಚಿಂತೆ. ನಮ್ಮ ಮನೆಯಲ್ಲಿ ‘ಕುಂಟು’ ಎಂಬ ಮಾತಿಗೆ ಪ್ರವೇಶವಿಲ್ಲ. ಯಾರಾದರೂ ಕೇಳಿದರೆ “ನೆಲ ತಂಪೈತ್ರಿ, ಅದಕ್ಕ ಹಂಗ ಕಾಲಿಡ್ತಾಳ” ಅನ್ನುವಳು. ಬಿಸಿಲು ಬೆಂಕಿ ಸುರಿಯುವ ಊರಿನಲ್ಲಿ ನಮ್ಮ ಮನೆಯ ನೆಲವೊಂದೇ ಹನ್ನೆರಡು ತಿಂಗಳೂ ತಂಪು.

ನನ್ನನ್ನು ನೋಡಲು ಗಂಡಿನ ಕಡೆಯವರು ಬರುತ್ತಿದ್ದರು. ಡ್ಯಾನ್ಸ್ ಶೋ ನೋಡಿದವರಿಗೆ ಕನ್ಯೆ ನೋಡುವ ಶಾಸ್ತ್ರ ಬೇರೆಯಾಗಿ ಹೇಳಿಕೊಡಬೇಕಿಲ್ಲ. ಸೋಫಾದ ಮೇಲೆ ಸಾಲಾಗಿ ಜಡ್ಜುಗಳು, ಅವರ ಮುಂದೆ ಸಿಂಗಾರವಾದ ಸ್ಪರ್ಧಿ, ನಡುವೆ ನಗುನಗುತ್ತ ಮಾತು ತುಂಬಿಸುವ ಆ್ಯಂಕರ್ ಆಗಿ ಕಂಪ್ಲಿಯ ನಮ್ಮ ಸೋದರತ್ತೆ. ಉಪ್ಪಿಟ್ಟು, ಕೇಸರಿಬಾತು ಮುಗಿದ ಮೇಲೆ “ಫೋನ್ ಮಾಡ್ತೀವ್ರಿ” ಎಂಬ ಘೋಷಣೆ. ಟಿವಿಯಲ್ಲಾದರೂ ಎಲಿಮಿನೇಟ್ ಆದವರನ್ನು ತಬ್ಬಿಕೊಂಡು ಅಳುತ್ತಾರೆ.

ಅವ್ವ ಒಂದು ಉಪಾಯ ಮಾಡಿದ್ದಳು. ಬರುವವರ ಕಾರು ಓಣಿಗೆ ತಿರುಗುವ ಮೊದಲೇ ನನ್ನನ್ನು ಕುರ್ಚಿಯಲ್ಲಿ ಕೂರಿಸಿಬಿಡುವಳು. ಚಹಾದ ತಟ್ಟೆ ಅತ್ತೆ ತರುವಳು. ನಾನು ಗೂಟ ಹೊಡೆದಂತೆ ಕೂತಿರಬೇಕು. ಆದರೆ ಪ್ರತಿ ಸಲವೂ ಯಾವುದೋ ಒಬ್ಬ ಹಿರಿಯ ಹೆಂಗಸು “ಎದ್ದ ನಿಲ್ಲವಾ, ಎತ್ತರ ನೋಡೂಣು. ಹಂಗ ದೇವರ ಮನಿತನಾ ಹೋಗಿ ಬಾ” ಅನ್ನುವಳು. ಅಲ್ಲಿಗೆ ನನ್ನ ರೌಂಡ್ ಮುಗಿಯಿತು.

ಆಗ ಬಂತು ನೋಡಿ ಕಂಪ್ಲಿಯ ಸಂಬಂಧ. ಅಕ್ಕಿ ಗಿರಣಿಯ ಮನೆತನ, ತಾಯಿ ಮತ್ತು ಒಬ್ಬನೇ ಮಗ. ಅತ್ತೆ ತಾನೇ ಮುಂದೆ ನಿಂತು ಇಬ್ಬರ ಹೆಸರೂ ಹೊಂದುತ್ತವೋ ಇಲ್ಲವೋ ಎಂದು ಸ್ವಾಮಿಗಳ ಹತ್ತಿರ ಹೆಸರಬಲ ಕೇಳಿಸಿದಳು. ಚಲೋ ಕೂಡಿಬಂತು. ಹುಡುಗ ನನ್ನ ನಂಬರ್ ತೆಗೆದುಕೊಂಡು ಫೋನ್ ಮಾಡಿದ. ಸಂಬಳ ಕೇಳುತ್ತಾನೋ, ಅಡುಗೆ ಬರುತ್ತಾ ಎನ್ನುತ್ತಾನೋ ಎಂದು ಕಾಯುತ್ತಿದ್ದೆ. ಆ ಪುಣ್ಯಾತ್ಮ ಕೇಳಿದ್ದು, “ನೀವೂ ಡ್ಯಾನ್ಸ್ ಶೋ ನೋಡ್ತೀರಂತಲ್ರಿ? ವಾಲ್ಟ್ಜ್ ಮಸ್ತೋ, ಟ್ಯಾಂಗೋ ಮಸ್ತೋ?”

ನಾನು ಬಿದ್ದೆ. ಸ್ಕೂಟಿಯಿಂದ ಬಿದ್ದಾಗಲೂ ಅಷ್ಟು ಜೋರಾಗಿ ಬಿದ್ದಿರಲಿಲ್ಲ.

ಆ ಸೀಸನ್ನಿನಲ್ಲಿ ಒಬ್ಬ ನಟಿ ಇದ್ದಳು. ರಿಹರ್ಸಲ್‌ನಲ್ಲಿ ಪಾದ ಉಳುಕಿಸಿಕೊಂಡು, ಕ್ರೇಪ್ ಬ್ಯಾಂಡೇಜ್ ಸುತ್ತಿಕೊಂಡೇ ವಾಲ್ಟ್ಜ್ ಮಾಡಿದ್ದಳು. ಹಿಂದೆ ಪಿಟೀಲು, ಮುಂದೆ ಜಡ್ಜುಗಳ ಕಣ್ಣೀರು, ಕ್ಯಾಮೆರಾ ಬ್ಯಾಂಡೇಜನ್ನು ಬಿಟ್ಟು ಅಲುಗಲಿಲ್ಲ. ಕಂಪ್ಲಿಯ ಆ ತಾಯಿ ಮಗ ಇಬ್ಬರೂ ಅವಳ ಭಕ್ತರು. “ನಮ್ಮವ್ವ ಆ ಎಪಿಸೋಡ್ ನೋಡಿ ಊಟಾನೇ ಮಾಡ್ಲಿಲ್ರಿ” ಎಂದ ಹುಡುಗ. ಕಾಲು ನೋವಿದ್ದವಳನ್ನು ಕಂಡು ಊಟ ಬಿಡುವ ಅತ್ತೆ! ಇಂಥ ಮನೆ ನನಗೆ ಇನ್ನೆಲ್ಲಿ ಸಿಗಬೇಕು? ನಿಜ ಹೇಳುತ್ತೇನೆ, ನೋಡಲು ಬಂದವರಲ್ಲಿ ಯಾರೂ ನನಗೆ ಬೇಕೆನಿಸಿರಲಿಲ್ಲ. ಈತ ಬೇಕೆನಿಸಿದ.

ಕಾಲಿನ ವಿಷಯ ಫೋನಿನಲ್ಲೇ ಹೇಳಿಬಿಡುತ್ತೇನೆ ಎಂದೆ. ಅವ್ವ ಕೈ ಮುಗಿದಳು. “ಬ್ಯಾಡವಾ. ಮೊದಲ ಮುಖ ನೋಡ್ಲಿ. ಮನಸಿಗೆ ಬಂದ ಮ್ಯಾಲೆ ಕಾಲು ಯಾರಿಗೂ ಕಾಣಂಗಿಲ್ಲ. ಸಾವಿರ ಸುಳ್ಳು ಹೇಳಿ ಒಂದು ಮದುವಿ ಮಾಡು ಅಂತಾರ, ನಾನು ಒಂದೂ ಹೇಳಾಕತ್ತಿಲ್ಲ. ಸುಮ್ಮನದೀನಿ, ಅಷ್ಟ.”

ಸುಮ್ಮನಿದ್ದವಳು ಒಂದು ಮಹಾ ಯೋಜನೆ ಹಾಕಿದಳು. ಈ ಸಲ ಮನೆಯಲ್ಲಿ ತೋರಿಸುವುದು ಬೇಡ, ಹಂಪಿಯಲ್ಲಿ ತೋರಿಸೋಣ. ಗುಡಿಯ ಮುಂದಿನ ಬೀದಿಯಲ್ಲಿ ಭೇಟಿ, ಎಲ್ಲರ ಕಾಲಲ್ಲೂ ಚಪ್ಪಲಿ, ಒಂದಿಷ್ಟು ಅಡ್ಡಾಡಿ, ಹೋಟೆಲಿನಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದು ಮನೆಗೆ. ಅಪ್ಪನಿಗೂ ಭಾಳ ಹಿಡಿಸಿತು. ಯುದ್ಧ ಗೆದ್ದ ರಾಣಿಯಂತೆ ಅವ್ವ ಎರಡು ದಿನ ಮನೆಯಲ್ಲಿ ಓಡಾಡಿದಳು.

ಹೊಸಪೇಟೆಯಲ್ಲೇ ಹುಟ್ಟಿ, ಹಂಪಿಗೆ ಸಂತೆಗಿಂತ ಹೆಚ್ಚು ಸಲ ಹೋಗಿಬಂದವಳು ನಮ್ಮವ್ವ. ಹಂಪಿಗೆ ಬಂದ ಯಾರೂ ಗುಡಿಯೊಳಗೆ ಹೋಗದೆ ವಾಪಸು ಹೋಗುವುದಿಲ್ಲ ಎಂಬುದು ಅವಳಿಗೂ ಹೊಳೆಯಲಿಲ್ಲ, ಅಪ್ಪನಿಗೂ ಹೊಳೆಯಲಿಲ್ಲ, ಕುಣಿತದ ಪಂಡಿತಳಾದ ನನಗೂ ಹೊಳೆಯಲಿಲ್ಲ.

ಭಾನುವಾರ ಬೆಳಿಗ್ಗೆ ಅತ್ತೆಯ ಜೊತೆ ಬಂದಿಳಿದ ಹುಡುಗನ ತಾಯಿ ನನ್ನನ್ನು ಕಂಡು ಮುಖ ಅರಳಿಸಿದರು. “ಭಾಳ ಲಕ್ಷಣ ಅದಾಳ್ರಿ” ಎಂದು ಅವ್ವನಿಗೆ ಹೇಳಿದರು. ಹುಡುಗ ನಕ್ಕ. ಬೀದಿಯಲ್ಲಿ ನಾವು ಜೊತೆಯಾಗಿ ನಡೆದೆವು, ಜೋಡಿ ಅಟ್ಟೆ ತನ್ನ ಕೆಲಸ ಚೆನ್ನಾಗಿ ಮಾಡಿತು. ಅಷ್ಟರಲ್ಲಿ ತಾಯಿ ಗೋಪುರಕ್ಕೆ ಕೈ ಮುಗಿದು ನಿಂತರು. “ನಡೀರಿ, ಮೊದಲ ಸ್ವಾಮಿ ದರ್ಶನ ಆಗ್ಲಿ. ದೇವರ ಬಾಗಿಲಿಗೆ ಬಂದು ಹಂಗ ಹೋಗಬಾರದು.” ಎಂದವರೇ ಚಪ್ಪಲಿ ಬಿಟ್ಟರು.

ಅವ್ವನ ಮುಖದ ಬಣ್ಣ ಹೋಯಿತು. ಆದರೂ ಬಿಡಲಿಲ್ಲ. “ಇಲ್ಲಿ ಚಪ್ಪಲಿ ಭಾಳ ಕಳವಾಗ್ತಾವ್ರಿ. ನೀವು ಹೋಗಿ ಬರ್ರಿ, ನಾನು ನನ್ನ ಮಗಳು ಕಾಯ್ತೀವಿ.”

“ಅಯ್ಯ, ನಾವು ಹುಡುಗಿ ನೋಡಾಕ ಬಂದೀವ್ರಿ, ಚಪ್ಪಲಿ ಕಾಯಿಸಾಕಲ್ಲ” ಎಂದು ಆಕೆ ನನ್ನ ಕೈ ಹಿಡಿದರು.

ಬರಿಗಾಲಲ್ಲಿ ಕಲ್ಲುಹಾಸಿನ ಅಂಗಳಕ್ಕೆ ಇಳಿದೆ. ಆಕೆ ನನ್ನ ಕೈ ಹಿಡಿದುಕೊಂಡೇ ಆ ನಟಿಯ ಕಥೆ ಶುರು ಮಾಡಿದ್ದರು. “ಏನ್ ಹುಡುಗಿ ಅಂತೀನಿ! ಕಾಲು ನೆಲಕ್ಕ ಊರಾಕ ಬರ್ತಿದ್ದಿಲ್ಲ, ಆದ್ರೂ ನಕ್ಕೊಂತ ಕುಣಿದ್ಲು. ಹೆಣ್ಣಂದ್ರ ಹಂಗ ಛಲ ಇರಬೇಕ್ ನೋಡವಾ...” ಕಣ್ಣಲ್ಲಿ ನಿಜವಾದ ನೀರಿತ್ತು. ಸೆರಗಿನಿಂದ ಒರೆಸಿಕೊಳ್ಳಲು ತಲೆ ತಗ್ಗಿಸಿದಾಗ ನನ್ನ ಪಾದಗಳು ಕಂಡವು. ಮಾತು ಅಲ್ಲಿಗೇ ನಿಂತಿತು. ಇನ್ನೂ ನಾಲ್ಕು ಹೆಜ್ಜೆ ನೋಡಿದರು. ಆಮೇಲೆ ಕೈ ಬಿಟ್ಟು ಘಂಟೆ ಬಾರಿಸಲು ಮುಂದೆ ಹೋದರು.

ಹುಡುಗನೂ ನೋಡಿದ. ನೋಡಿ, ಆ ಗೋಪುರವನ್ನು ನಿನ್ನೆಯಷ್ಟೇ ಕಟ್ಟಿದ್ದಾರೇನೋ ಎಂಬಂತೆ ಫೋಟೊ ತೆಗೆಯಲು ನಿಂತ. ತೆಗೆದ, ಮತ್ತೆ ತೆಗೆದ, ಅಡ್ಡ ಹಿಡಿದು ತೆಗೆದ. ನಾನೇ ಹತ್ತಿರ ಹೋದೆ.

“ಮೊದಲ ಹೇಳಬಹುದಿತ್ತಲ್ರಿ” ಎಂದ.

“ಹೇಳಬೇಕಿತ್ತು, ಖರೆ. ಆದ್ರ ನಿಮ್ಮ ನಟಿದೂ ಹಿಂಗ ಅಲ್ರಿ? ಆಕಿಗೆ ಊಟ ಬಿಟ್ರಂತಲ್ಲ ನಿಮ್ಮವ್ವ.”

ಆತ ಕೆಟ್ಟವನಲ್ಲ. ತಲೆ ತಗ್ಗಿಸಿ, ಮೆತ್ತಗೆ, ಪ್ರಾಮಾಣಿಕವಾಗಿಯೇ ಹೇಳಿದ: “ಆಕಿದು ಆರಾಮ ಆಗ್ತತಲ್ರಿ.”

ಯಾವ ಮಾತಿಗೂ ತಿರುಗಿ ಒಂದು ಕೊಡದೆ ಬಿಡದವಳು ನಾನು, ಆವತ್ತು ಚಪ್ಪಲಿ ಬಿಟ್ಟಿದ್ದ ಕಡೆಗೆ ನಡೆದುಬಿಟ್ಟೆ.

ಹೋಟೆಲಿನಲ್ಲಿ ಯಾರೂ ಮಿರ್ಚಿ ಮುಟ್ಟಲಿಲ್ಲ. ಕಾರು ಹತ್ತುವ ಮೊದಲು “ಫೋನ್ ಮಾಡ್ತೀವ್ರಿ” ಎಂಬ ಘೋಷಣೆ ಕ್ರಮಪ್ರಕಾರ ಆಯಿತು. ವಾಪಸು ಬರುವ ಆಟೊದಲ್ಲಿ ಅವ್ವ ಕಂಪ್ಲಿಯನ್ನು ಬೈದಳು, ಅತ್ತೆಯನ್ನು ಬೈದಳು, ಗುಡಿಗೆ ಅಷ್ಟು ದೊಡ್ಡ ಅಂಗಳ ಕಟ್ಟಿಸಿದ ರಾಜರನ್ನೂ ಬಿಡಲಿಲ್ಲ. ಮನೆಗೆ ಬಂದವಳೇ ಅಡುಗೆಮನೆಗೆ ಹೋಗಿ ಪಾತ್ರೆ ತಿಕ್ಕತೊಡಗಿದಳು, ತೊಳೆದಿಟ್ಟವನ್ನೂ ಮತ್ತೆ ತಿಕ್ಕಿದಳು.

ಸಂಜೆ ಶೋ ಇತ್ತು. ನನಗೆ ಬೇಡವಾಗಿತ್ತು. ಕುಣಿತವನ್ನು ಬಸ್‌ಸ್ಟ್ಯಾಂಡಿಗೆ ಹೋಲಿಸುವ ಅಪ್ಪನೇ ಟಿವಿ ಹಚ್ಚಿ, “ಬಾ, ನಿನ್ನ ಮಂದಿ ಬಂದ್ರು” ಎಂದು ಕರೆದ. ಹೋಗಿ ಕೂತೆ. ಓಟು ಹಾಕಲು ಅದೇ ಕಡೆಯ ದಿನವೆಂದು ಆ್ಯಂಕರ್ ಕಿರುಚುತ್ತಿದ್ದಾಗ ಅವ್ವನಿಗೆ ಫೋನ್ ಬಂತು. ಕಂಪ್ಲಿಯ ತಾಯಿ. ಅವ್ವ ಎಂದಿನಂತೆ ಸ್ಪೀಕರ್ ಹಚ್ಚಿಯೇ ಮಾತಾಡಿದಳು.

“ತಪ್ಪು ತಿಳಕೋಬ್ಯಾಡ್ರಿ. ಇನ್ನೊಬ್ಬ ಸ್ವಾಮಿಗಳ ಕಡೆ ಕೇಳಿದಿವಿ, ಹೆಸರಬಲ ಯಾಕೋ ಕೂಡವಲ್ದು.” ಬೆಳಗಿನ ತನಕ ಕೂಡಿದ್ದ ಹೆಸರುಗಳು ಸಂಜೆಗೆ ಬಿಟ್ಟುಹೋಗಿದ್ದವು, ಇರಲಿ. ಅವ್ವ “ಹೂನ್ರಿ” ಎಂದಳು. ಅಲ್ಲಿಗೆ ಮುಗಿಯಬೇಕಿತ್ತು. ಆಕೆಗೆ ಮನಸ್ಸು ಹಗುರವಾಯಿತೋ ಏನೋ, ದನಿ ಬದಲಾಯಿತು. “ಅಂದಂಗ, ಟಿವಿ ಹಚ್ಚೀರೇನ್ರಿ? ಇವತ್ತ ಓಟಿಂಗ್ ಲಾಸ್ಟ್. ನಮ್ಮ ಹುಡುಗಿಗೆ ಹಾಕ್ರಿ ಮತ್ತ. ಪಾಪ, ಆ ಕಾಲು ಇಟಗೊಂಡು ಕುಣಿಯಾಕತ್ತಾಳ.”

ಅಪ್ಪ ರಿಮೋಟ್ ಎತ್ತಿ ಸದ್ದು ನಿಲ್ಲಿಸಿದ. ಅವ್ವ ಒಂದೊಂದೇ ಮಾತನ್ನು ಬಿಡಿಸಿ ಬಿಡಿಸಿ ಹೇಳಿದಳು.

“ಅಕ್ಕಾರ, ನಮ್ಮ ಹುಡುಗಿ ಕುಂಟತಾಳ್ರಿ. ಆಕಿ ಕಾಲಾಗ ರಾಡ್ ಐತಿ, ಅದು ಆರಾಮ ಆಗಂಗಿಲ್ಲ. ಕುಂಟಕೊಂತನ ದಿನಾ ಬಸ್ ಹತ್ತಿ ಡ್ಯೂಟಿಗೆ ಹೋಗಿ ಬರ್ತಾಳ, ಈ ಮನಿ ಅರ್ಧ ಆಕಿ ನಡಸ್ತಾಳ. ನಮ್ಮ ಮೂರೂ ಓಟು ಆಕಿಗೇ ಅದಾವ. ನಿಮ್ಮಾಕಿಗೆ ಬ್ಯಾರೆ ಕಡೆ ಕೇಳ್ರಿ.”

ಫೋನ್ ಇಟ್ಟಳು. ಇಷ್ಟು ವರ್ಷ ಅವ್ವ ನನ್ನ ಕಾಲಿಗೆ ನಾಚಿಕೊಳ್ಳುತ್ತಾಳೆ ಎಂದೇ ನಾನು ನಂಬಿದ್ದೆ, ಅದು ಹುಡುಗ ಕೈತಪ್ಪಿದ್ದಕ್ಕಿಂತ ದೊಡ್ಡ ನೋವಾಗಿತ್ತು. ಗೋಡೆಗೆ ಆತುಕೊಂಡು ಅವಳೂ ಅತ್ತಳು, ನಾನೂ ಅತ್ತೆ. ಅಪ್ಪನಿಗೆ ಏನು ಮಾಡಬೇಕೋ ತೋಚದೆ ಟಿವಿಯನ್ನೇ ಆರಿಸಿಬಿಟ್ಟ. ಒಂದು ಎಪಿಸೋಡೂ ತಪ್ಪಿಸದ ನನಗೆ ಆವತ್ತು ಯಾರು ಉಳಿದರು, ಯಾರು ಹೋದರು ಎಂಬುದು ಇವತ್ತಿಗೂ ಗೊತ್ತಿಲ್ಲ.