ಮಾದೇವಿಗೆ ಕಮ್ಮಿ ಬಿದ್ದ ಏಳು ದಿನ

ಮಾದೇವಿ ಪರೀಕ್ಷೆಗೆ ಕೂರದಂತೆ ಮಾಡಿದವಳು ನಾನು. ವಿಶ್ವವಿದ್ಯಾನಿಲಯದಿಂದ ತನಿಖೆಗೆ ಬಂದಿದ್ದ ಮೂವರು ಗಂಡಸರ ಮುಂದೆ ನಮ್ಮ ಕಾಲೇಜಿನ ಗುಟ್ಟಿನ ಪುಸ್ತಕವನ್ನು ತೆರೆದಿಟ್ಟದ್ದು ನಾನೇ — ಯಾರೂ ಬಲವಂತ ಮಾಡಲಿಲ್ಲ, ಅದನ್ನು ತೋರಿಸೆಂದು ಯಾರೂ ಕೇಳಲೂ ಇಲ್ಲ. ಐದು ವರ್ಷ ಇದನ್ನು ಮುಚ್ಚಿಟ್ಟೆ. ಮಳೆ ಬಂದ ದಿನ, ರೈಲು ತಡವಾದ ದಿನ, ಎಲ್ಲವನ್ನೂ ಎಣಿಸಿ ದಿನಚರಿಯಲ್ಲಿ ಬರೆದಿಡುವವಳು ನಾನು. ಆ ಗುರುವಾರದ ಪುಟದಲ್ಲಿ ಮಾತ್ರ ಹೀಗಿದೆ: ‘ತನಿಖೆ ಮುಗಿಯಿತು. ಬಿಸಿಲು ಜೋರು.’ ಆ ಸಾಲನ್ನು ಓದಿದಾಗಲೆಲ್ಲ ನನಗೆ ನನ್ನ ಮೇಲೆ ಹೇಸಿಗೆಯಾಗುತ್ತದೆ.

ಚಾಮರಾಜನಗರದಲ್ಲಿ ನಮ್ಮದೊಂದು ಸಣ್ಣ ಮಹಿಳಾ ಕಾಲೇಜು. ರೇಷ್ಮೆ ವ್ಯಾಪಾರಿಯೊಬ್ಬರ ಮಳಿಗೆಯ ಮೇಲಿನ ಮಹಡಿಯಲ್ಲಿ ಮೂರು ಕೋಣೆ, ಇಂಟರ್‌ಮೀಡಿಯಟ್‌ನ ಎರಡು ತರಗತಿಗೂ ಸೇರಿ ಮೂವತ್ತೊಂದು ಹುಡುಗಿಯರು. ಪಾಠ ಮಾತ್ರ ನಮ್ಮಲ್ಲಿ. ಪರೀಕ್ಷೆ, ಪದವಿ, ಕಾಲೇಜು ಮುಂದಿನ ವರ್ಷ ಇರಬೇಕೋ ಬೇಡವೋ ಎಂಬುದು — ಇದೆಲ್ಲ ರೈಲು ಹತ್ತಿ ಹೋಗುವ ದೊಡ್ಡ ಊರಿನ ವಿಶ್ವವಿದ್ಯಾನಿಲಯದ ಕೈಯಲ್ಲಿ. ಅಲ್ಲಿಂದ ಕಾಗದ ಬಂದರೆ ನಮ್ಮ ಪ್ರಿನ್ಸಿಪಾಲರಮ್ಮ ಕುರ್ಚಿಯಿಂದ ಎದ್ದು ನಿಂತು ಒಡೆಯುತ್ತಿದ್ದರು. ಆಗ ಅದು ನನಗೆ ಗೌರವವಾಗಿ ಕಂಡಿತ್ತು. ಅದು ಹೆದರಿಕೆ ಎಂದು ತಿಳಿದದ್ದು ಆಮೇಲೆ.

ವರ್ಷದಲ್ಲಿ ಮುಕ್ಕಾಲು ಪಾಲು ಹಾಜರಿ ಇಲ್ಲದವರಿಗೆ ಪರೀಕ್ಷೆ ಇಲ್ಲ. ವಿಶ್ವವಿದ್ಯಾನಿಲಯದ ನಿಯಮ ಅದು. ನಮ್ಮ ಹಾಸ್ಟೆಲಿಗೆ ಇನ್ನೊಂದು ನಿಯಮವಿತ್ತು. ಹೊರಗಾದ ಹುಡುಗಿ ಮೂರು ದಿನ ಹಿಂದಿನ ಕೋಣೆ ಬಿಟ್ಟು ಬರುವಂತಿಲ್ಲ, ಪುಸ್ತಕ ಮುಟ್ಟುವಂತಿಲ್ಲ, ಕಾಲೇಜಿನ ಮೆಟ್ಟಿಲು ಹತ್ತುವಂತಿಲ್ಲ. ಆ ಷರತ್ತಿನ ಮೇಲೆಯೇ ಹಳ್ಳಿಯ ಅಪ್ಪಂದಿರು ಮಕ್ಕಳನ್ನು ಕಳಿಸುತ್ತಿದ್ದುದು. ತಿಂಗಳಿಗೆ ಮೂರು ದಿನವೆಂದರೆ — ಒಂದು ಜ್ವರ ಬಂದರೆ ಸಾಕು, ವರ್ಷವೇ ಹೋಯಿತು. ಅದಕ್ಕೆ ಪ್ರಿನ್ಸಿಪಾಲರಮ್ಮ ಒಂದು ದಾರಿ ಕಂಡುಕೊಂಡಿದ್ದರು. ಆ ಮೂರು ದಿನಕ್ಕೂ ರಿಜಿಸ್ಟರಿನಲ್ಲಿ ಹಾಜರಿ ಬೀಳುತ್ತಿತ್ತು. ಯಾರು ಯಾವಾಗ ನಿಜವಾಗಿ ಬಂದರು, ಯಾರು ಹಿಂದಿನ ಕೋಣೆಯಲ್ಲಿದ್ದರು ಎಂಬುದು ಮಾತ್ರ ಬೇರೆ ಪುಸ್ತಕದಲ್ಲಿ. ಹೊರಗಿನ ದಿನಕ್ಕೆ ಒಂದು ಅಡ್ಡಗೆರೆ. ಆ ನೆಪ ಹೇಳಿ ಸುಮ್ಮನೆ ಚಕ್ಕರ್ ಹೊಡೆಯುವವರನ್ನು ಹಿಡಿಯಲು ಆ ಪುಸ್ತಕ.

ಅದನ್ನು ನನ್ನ ಕೈಗೆ ಕೊಟ್ಟಿದ್ದರು. ನಾನು ಗುಂಡ್ಲುಪೇಟೆಯ ಈರುಳ್ಳಿ ಮಂಡಿಯವರ ಮಗಳು, ಚಾಮರಾಜನಗರದ ಸೋದರತ್ತೆಯ ಮನೆಯಲ್ಲಿದ್ದೆ. ಲಿಂಗ ಕಟ್ಟಿದವರಿಗೆ ಆ ಮೈಲಿಗೆ ಇಲ್ಲವೆಂದು ನಮ್ಮ ಮನೆಯಲ್ಲಿ ಹೊರಗೆ ಕೂರುವ ಪದ್ಧತಿಯೇ ಇರಲಿಲ್ಲ. ಹಾಗಾಗಿ ನಾನೊಬ್ಬಳು ಎಲ್ಲ ದಿನವೂ ಬರುತ್ತಿದ್ದೆ. ನನ್ನ ಹೆಸರಿನ ಮುಂದೆ ಒಂದೂ ಅಡ್ಡಗೆರೆ ಇರಲಿಲ್ಲ. ಅದು ನನ್ನ ದೊಡ್ಡಸ್ತಿಕೆ ಎಂದೇ ನಂಬಿದ್ದೆ — ನನ್ನ ಅಜ್ಜಿಯರು ಗಳಿಸಿಟ್ಟದ್ದನ್ನು ನಾನೇ ಗಳಿಸಿದವಳ ಹಾಗೆ.

ಮಾದೇವಿ ತೆರಕಣಾಂಬಿಯವಳು. ಅವಳ ಅಪ್ಪ ಇರಲಿಲ್ಲ. ಅಣ್ಣ ಎರಡೆಕರೆ ಹೊಲದಲ್ಲಿ ದುಡಿದು ಓದಿಸುತ್ತಿದ್ದ. ನಡೆದ ಆರು ಪರೀಕ್ಷೆಗಳಲ್ಲಿ ಐದು ಸಲ ಅವಳು ಮೊದಲು, ಒಂದು ಸಲ ನಾನು. ಆ ಒಂದು ಸಲವೂ ಅವಳಿಗೆ ವಿಷಮಶೀತ ಜ್ವರವಿತ್ತು. ಸುತ್ತಲ ಕಾಲೇಜುಗಳಿಂದ ಬರುವ ಒಬ್ಬಳೇ ಒಬ್ಬ ಹುಡುಗಿಗೆ ವಿಶ್ವವಿದ್ಯಾನಿಲಯದ ಆನರ್ಸ್ ತರಗತಿಯಲ್ಲಿ ಶುಲ್ಕವಿಲ್ಲದ ಜಾಗ ಸಿಗುತ್ತಿತ್ತು. ಅದು ಅವಳಿಗೇ ಎಂದು ಎಲ್ಲರೂ ಅಂದುಕೊಂಡಿದ್ದರು. ನಾನೂ.

ತನಿಖೆಯ ಹಿಂದಿನ ದಿನ ಮಧ್ಯಾಹ್ನ ನಾನೊಂದು ಲೆಕ್ಕ ಮಾಡಿದ್ದೆ. ಕಾಲೇಜು ನಡೆದದ್ದು ನೂರ ಅರವತ್ತು ದಿನ, ಬೇಕಾದ ಹಾಜರಿ ನೂರಿಪ್ಪತ್ತು. ಮಾದೇವಿ ಜ್ವರಕ್ಕೆ ಕಳೆದುಕೊಂಡದ್ದು ಮೂವತ್ತು ದಿನ, ಹೊರಗೆ ಕೂತದ್ದು ಹದಿನೇಳು. ರಿಜಿಸ್ಟರಿನ ಪ್ರಕಾರ ನೂರಮೂವತ್ತು. ನನ್ನ ಪುಸ್ತಕದ ಪ್ರಕಾರ ನೂರಹದಿಮೂರು. ಏಳು ದಿನ ಕಮ್ಮಿ. ಯಾಕೆ ಲೆಕ್ಕ ಹಾಕಿದೆ? ಯಾರೂ ಹೇಳಿರಲಿಲ್ಲ. ನಾನು ಏನು ಮಾಡಲಿದ್ದೇನೆಂದು ನನಗೆ ಆಗಲೇ — ಇಲ್ಲ, ಗೊತ್ತಿರಲಿಲ್ಲವೆಂದು ಬರೆಯಲಾರೆ.

ಮೂವರು ಬಂದರು. ಅವರಿಗಾಗಿ ಊರ ದೊಡ್ಡವರ ಮನೆಯಿಂದ ಸೋಫಾ ತರಿಸಲಾಗಿತ್ತು. ಹಿರಿಯ ಪ್ರೊಫೆಸರರು ನಾನು ಬರೆದಿಟ್ಟಿದ್ದ ವಿದ್ಯಾರ್ಥಿನಿಯರ ಪಟ್ಟಿಯನ್ನು ನೋಡಿ, “ಇಷ್ಟು ಚೊಕ್ಕಟವಾಗಿ ಪಟ್ಟಿ ಬರೆಯೋರು ನಮ್ಮಲ್ಲೂ ಇಲ್ಲ. ನಮ್ಮ ವಿಶ್ವವಿದ್ಯಾನಿಲಯಕ್ಕೆ ಇಂಥ ಹುಡುಗೀರು ಬೇಕು,” ಎಂದರು. ಅಷ್ಟೇ. ಪ್ರಿನ್ಸಿಪಾಲರಮ್ಮ ಕಾಫಿ ತರಿಸಲು ಹೊರಗೆ ಹೋಗಿದ್ದರು. ನಾನು ಹೇಳಿದೆ:

“ರಿಜಿಸ್ಟರಿನಲ್ಲಿರೋದು ಸರಿಯಿಲ್ಲ ಸಾರ್. ಸರಿಯಾದ ಲೆಕ್ಕ ಇದರಲ್ಲಿದೆ.”

ಅವರು ಪುಟ ತಿರುವಿದರು. “ಈ ಅಡ್ಡಗೆರೆ ಏನಮ್ಮ?”

“ಹೊರಗಿನ ದಿನಗಳು ಸಾರ್.”

ಕೊನೆಯಲ್ಲಿ ಕೂತಿದ್ದವರು ಕಿಸಕ್ಕನೆ ನಕ್ಕರು. “ಇದೊಂದು ಪಂಚಾಂಗ ಬಾಕಿ ಇತ್ತು ನೋಡಿ ನಾವು ಓದೋದಕ್ಕೆ!” ಮಧ್ಯದವರು ಬಗ್ಗಿ ಒಂದೊಂದೇ ಹೆಸರಿನ ಮೇಲೆ ಬೆರಳಿಟ್ಟು ಓದಿದರು. ಹೊರಗೆ ಸಾಲಾಗಿ ನಿಂತಿದ್ದ ಹುಡುಗಿಯರನ್ನು ಕಿಟಕಿಯಿಂದ ನೋಡುವುದು, ಮತ್ತೆ ಪುಟ ನೋಡುವುದು. ಓದಿ ಮುಗಿಸಿದ ಪ್ರೊಫೆಸರರು ಕೈ ತೊಳೆಯಲು ನೀರು ಕೇಳಿದರು. ಚೊಂಬು ಹಿಡಿದು ಅವರ ಕೈಗೆ ನೀರು ಹೊಯ್ದವಳು ನಾನೇ. ಜೊತೆಗೆ ಬಂದಿದ್ದ ಗುಮಾಸ್ತ ಆ ಪುಟಗಳನ್ನೆಲ್ಲ ಕಾರ್ಬನ್ ಹಾಕಿ ಮೂರು ಪ್ರತಿ ಬರೆದುಕೊಂಡ. ಉಳಿದ ಮೂವತ್ತು ಹುಡುಗಿಯರ ಮೈಯ ಲೆಕ್ಕ ವಿಶ್ವವಿದ್ಯಾನಿಲಯದ ಕಡತಕ್ಕೆ ಹೋಯಿತು. ಈಗಲೂ ಅಲ್ಲಿಯೇ ಇದೆ.

ಹಾಜರಿ ಸಾಲದೆ ಬಿದ್ದವರು ಮೂವರು. ಇಬ್ಬರ ಅಪ್ಪಂದಿರು ರೈಲು ಹತ್ತಿ ಹೋಗಿ ಯಾರನ್ನೋ ಕಂಡು ಬಂದರು. ಆ ಇಬ್ಬರಿಗೆ ವಿನಾಯಿತಿ ಸಿಕ್ಕಿತು. ಮಾದೇವಿಯ ಅಣ್ಣನಿಗೆ ಯಾರನ್ನು ಕಾಣಬೇಕೆಂದೇ ಗೊತ್ತಿರಲಿಲ್ಲ. ಕಾಲೇಜಿನ ಮಾನ್ಯತೆ ಉಳಿಯಬೇಕಾದರೆ ಯಾರಾದರೊಬ್ಬರ ಮೇಲೆ ತಪ್ಪು ಹೊರಿಸಲೇಬೇಕಿತ್ತು. ಹುಡುಗಿಯೇ ಸುಳ್ಳು ಹಾಜರಿ ಹಾಕಿಸಿಕೊಂಡಳೆಂದು ಪ್ರಿನ್ಸಿಪಾಲರಮ್ಮ ಬರೆದುಕೊಟ್ಟರು. ಮಾದೇವಿಯ ಹೆಸರಿನ ಮುಂದೆ ‘ವಂಚನೆ’ ಎಂಬ ಮಾತು ಸೇರಿತು. ನನ್ನ ಹೆಸರು ಎಲ್ಲಿಯೂ ಬರಲಿಲ್ಲ. ತಪಾಸಣೆಯವರೇ ಮೇಜಿನೊಳಗಿಂದ ಪುಸ್ತಕ ಹುಡುಕಿ ತೆಗೆದರೆಂದು ಎಲ್ಲರೂ ನಂಬಿದರು.

ಅವಳು ಟ್ರಂಕು ಹೊತ್ತು ಹೊರಟ ದಿನ ನಾನು ಅತ್ತೆ. ಅವಳು ನನ್ನ ಕಣ್ಣೊರೆಸಿ, “ನೀನ್ಯಾಕಮ್ಮಿ ಅಳ್ತೀಯೆ? ನೀನೇನ್ ಮಾಡ್ಬುಟ್ಟೆ? ಸುಮ್ಕಿರು,” ಎಂದಳು. ಸುಮ್ಮನಾದೆ.

ಆನರ್ಸಿನ ಜಾಗ ನನಗೆ ಸಿಕ್ಕಿತು. ಅಲ್ಲಿ ಮೂರು ವರ್ಷ ಕೂತು ಇನ್ನೊಂದು ಲೆಕ್ಕ ಕಲಿತೆ. ಕ್ರಿಕೆಟ್ ಆಡಲು ಹೋದ ಹುಡುಗರಿಗೆ ಆ ದಿನಗಳ ಹಾಜರಿಯನ್ನು ಮೇಷ್ಟರುಗಳೇ ಹಾಕುತ್ತಿದ್ದರು, ಬಹಿರಂಗವಾಗಿ, ಕೆಂಪು ಶಾಯಿಯಲ್ಲಿ. ನಮ್ಮ ತರಗತಿಯ ನಾಲ್ವರಿಗೆ ಒಂದೇ ವರ್ಷದಲ್ಲಿ ಹತ್ತೊಂಬತ್ತು ದಿನ. ಅದು ವಂಚನೆಯಲ್ಲ, ಸಂಸ್ಥೆಯ ಕೀರ್ತಿ. ಅದೇ ಪ್ರೊಫೆಸರರು ಅತಿಥಿಗಳಿಗೆ ನನ್ನನ್ನು ತೋರಿಸಿ, “ಸಣ್ಣ ಊರಿನ ಕಾಲೇಜಿಗೂ ನಮಗೂ ಇರುವ ಸಂಬಂಧಕ್ಕೆ ಈಕೆಯೇ ಸಾಕ್ಷಿ,” ಎನ್ನುತ್ತಿದ್ದರು. ನಾನು ನಮಸ್ಕಾರ ಮಾಡುತ್ತಿದ್ದೆ. ಈಗ ನಮ್ಮ ಹಳೆಯ ಕಾಲೇಜಿನಲ್ಲಿಯೇ ಪಾಠ ಹೇಳುತ್ತೇನೆ.

ಕನ್ನಡದ ಸೀಮೆಯೆಲ್ಲ ಒಂದು ರಾಜ್ಯವಾಗಿ ಇನ್ನೂ ವರ್ಷ ತುಂಬಿಲ್ಲ. ಈಚೆಗೊಂದು ದಿನ ಗುಂಡ್ಲುಪೇಟೆಯ ಬಸ್ ನಿಲ್ದಾಣದಲ್ಲಿ ಯಾರೋ ಬೆನ್ನಿಗೆ ಗುದ್ದಿದರು. ಮಾದೇವಿ.

“ಏನಮ್ಮಿ, ಮೇಡಮ್ಮು ಆಗ್ಬುಟ್ಟು ನಮ್ಮನ್ನೆಲ್ಲಾ ಮರ್ತ್ಬುಟ್ಟೆಯಾ? ಮದ್ವೆ ಆಗ್ಲಿಲ್ವಾ ಇನ್ನೂವೆ? ಗಂಡಂಗೂ ಹಾಜರಿ ಪುಸ್ತ್ಕ ಮಡಗ್ತಾಳೆ ಅಂತ ಎದ್ರಿಕಂಡು ಯಾರೂ ಬತ್ತಿಲ್ವಾ?”

ಅವಳೇ ಜೋರಾಗಿ ನಕ್ಕಳು. ಊರಲ್ಲಿ ಚಿಕ್ಕ ಮಕ್ಕಳಿಗೆ ಅಕ್ಷರ ಹೇಳಿಕೊಡುತ್ತಾಳಂತೆ. ಆಮೇಲೆ ದನಿ ತಗ್ಗಿಸಿ, “ಎಂಗಸ್ರು ಮನೇಲೇ ಓದ್ಕಂಡು ಪರೀಕ್ಸೆ ಕಟ್ಬೌದಂತೆ. ಅರ್ಜಿ ಆಕಿದ್ದೆ, ವಾಪಸ್ ಬಂದ್ಬುಡ್ತು ಕಣಮ್ಮಿ. ವಂಚನೆ ಮಾಡ್ದೋಳು ಅಂತ ಬರ್ದವ್ರಂತೆ. ಈ ತಿಂಗ್ಳು ಮುಗ್ಯೋದ್ರೊಳ್ಗೆ ಅದ ತೆಗ್ಸುದ್ರೆ ಸರಿ, ಇಲ್ದಿದ್ರೆ ಇನ್ ತಕಳಲ್ಲವಂತೆ. ನೀನು ಅಲ್ಲೇ ಓದ್ದೋಳು. ಒಂದ್ಮಾತು ಕೇಳ್ನೋಡು,” ಎಂದಳು.

ನಾನು ತಲೆಯಾಡಿಸಿ ಬಸ್ಸು ಹತ್ತಿದೆ.

ನಾಲ್ಕು ದಿನ ಬಿಟ್ಟು ಪ್ರಿನ್ಸಿಪಾಲರಮ್ಮನಿಗೆ ಎಲ್ಲವನ್ನೂ ಹೇಳಿ, ವಿಶ್ವವಿದ್ಯಾನಿಲಯಕ್ಕೆ ಬರೆಯುತ್ತೇನೆಂದೆ. “ನೀನು ಬರೆದರೆ ನಾನು ಬರೆದದ್ದೂ ಸುಳ್ಳಾಗುತ್ತೆ. ನಿನ್ನ ಕೆಲಸ ಹೋಗುತ್ತೆ. ಬಹುಶಃ ಕಾಲೇಜೂ,” ಎಂದರು. ಬರೆಯಬೇಡವೆಂದು ಮಾತ್ರ ಹೇಳಲಿಲ್ಲ.

ಬರೆದೆ. ಭಾನುವಾರ ಆ ಕಾಗದ ಹಿಡಿದು ತೆರಕಣಾಂಬಿಗೆ ಹೋದೆ. ಮಾದೇವಿ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ನಿಂತುಕೊಂಡೇ ಹೇಳಿದೆ, ಒಂದನ್ನೂ ಬಿಡದೆ. ಅವಳ ಕೈ ನಿಂತಿತು. ಕಾಗದ ತೆಗೆದುಕೊಂಡು ಓದಿದಳು. ಅದರಲ್ಲಿ ನಾನು ಹೀಗೆ ಬರೆದಿದ್ದೆ: ‘ಪರಿಣಾಮ ಏನೆಂದು ತಿಳಿಯದೆ ಪುಸ್ತಕವನ್ನು ತೋರಿಸಿದೆ.’

“ನಂಗೆ ಎಸ್ಟ್ ದಿನ ಕಮ್ಮಿ ಇತ್ತು?”

“ಏಳು.”

“ತೋರ್ಸಕ್ಕೆ ಮುಂಚ್ಲೇ ಗೊತ್ತಿತ್ತಾ ನಿಂಗೆ?”

“ಗೊತ್ತಿತ್ತು.”

ಅವಳು ಕಾಗದವನ್ನು ನನ್ನ ಕೈಗೆ ವಾಪಸು ಕೊಟ್ಟಳು. “ಅಂಗಂತಲೇ ಬರಿ.”

ಒಳಗಿನಿಂದ ಮಸಿ, ಲೇಖನಿ ತಂದಿಟ್ಟು ಎದುರಿಗೇ ಕೂತಳು. ಬರೆದೆ. ಲೆಕ್ಕ ಹಾಕಿದ್ದನ್ನು, ಆನರ್ಸಿನ ಜಾಗದ ಆಸೆಯನ್ನು, ಎರಡನ್ನೂ. ಸಹಿ ಮಾಡಿದೆ. ಅವಳು ಅಕ್ಷರ ಬಿಡದೆ ಎರಡು ಸಲ ಓದಿ, ಮಡಿಸಿ, ರವಿಕೆಯೊಳಗೆ ಇಟ್ಟುಕೊಂಡಳು.

“ಅಂಚೇಗೆ ನಾನೇ ಆಕ್ತೀನಿ. ನಿನ್ನ ನಂಬಕ್ಕಾಗಲ್ಲ,” ಎಂದಳು. ಆಮೇಲೆ ಬೀದಿಯ ಕಡೆ ನೋಡುತ್ತಾ, “ಮೂರು ಗಂಟೇಗೆ ಬಸ್ಸು. ಓಗು.”

ಈ ಸಲ ಅವಳು ನನ್ನನ್ನು ‘ಅಮ್ಮಿ’ ಎನ್ನಲಿಲ್ಲ. ನೀರು ಬೇಕೇ ಎಂದೂ ಕೇಳಲಿಲ್ಲ. ಬಸ್ಸಿಗೆ ಇನ್ನೂ ಒಂದು ಗಂಟೆಯಿತ್ತು. ನಾನು ಹೋಗಿ ರಸ್ತೆಯಲ್ಲಿ ನಿಂತೆ.